ಬಕೀಸಿಯೊನ ಚಾಕು

ಸಾರ್ಡೀನಿಯಾದ ನುವೊರೊ. ಬ್ಯಾಂಕಿನ ಬಾಗಿಲಲ್ಲಿ ನನ್ನ ಕೆಲಸ:
ಯಂತ್ರ ಕುಂಯ್ ಎಂದರೆ ತಡೆಯುವುದು.
ಸೋಮವಾರ ಬಕೀಸಿಯೊ ಬಂದ ಅಂದರೆ
ಅದು ಕುಂಯ್ ಅನ್ನಲೇಬೇಕು.

ಜೇಬಿನಿಂದ ತೆಗೆದು, ಒಮ್ಮೆ ಒರೆಸಿ
ಪ್ಲಾಸ್ಟಿಕ್ ಬುಟ್ಟಿಯಲ್ಲಿಡುತ್ತಾನೆ.
ಟಗರಿನ ಕೊಂಬಿನ ಹಿಡಿ, ಮಡಚಿದರೆ ಬೆರಳುದ್ದ.
"ಇದಿಲ್ಲದೆ ನಡೆದರೆ ಪ್ಯಾಂಟು ಜಾರಿದ ಹಾಗೆ"
ಎಂದು ಗೊಣಗುತ್ತ ಸಾಲು ಸೇರುತ್ತಾನೆ.

ಬೆಳಿಗ್ಗೆ ಇದರಲ್ಲೇ ಕುರಿಯ ಗೊರಸಿನ ಮುಳ್ಳು ಕಿತ್ತಿರುತ್ತಾನೆ,
ಬೇಲಿಯ ಹಗ್ಗ ಕೊಯ್ದು, ಔಷಧದ ರಟ್ಟು ಸೀಳಿ,
ಆಮೇಲೆ ತೊಡೆಗೆ ಉಜ್ಜಿ, ಬ್ರೆಡ್ಡು.
ಮೊಮ್ಮಗಳ ಬಣ್ಣದ ಪೆನ್ಸಿಲ್ಲೂ ಇದರಲ್ಲೇ;
ಅಲಗಿನ ಬುಡದಲ್ಲಿ ನೀಲಿ ಪುಡಿ ಕಂಡಿದ್ದೇನೆ.

ನನ್ನ ಸೊಂಟದಲ್ಲಿ ಪಿಸ್ತೂಲಿದೆ.
ಐದು ವರ್ಷದಲ್ಲಿ ಒಂದು ಕೆಲಸಕ್ಕೂ ಬಂದಿಲ್ಲ.
ಆ ಮಧ್ಯಾಹ್ನ ಹಸಿವು. ಡಬ್ಬಿಯಲ್ಲಿ
ಕಲ್ಲಿನಂಥ ಚೀಸು. ಒಳಗೆ ಸಾಲು ಆಮೆ.
ಅತ್ತಿತ್ತ ನೋಡಿ ಬುಟ್ಟಿಗೆ ಕೈ ಹಾಕಿದೆ.
ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು!

ಹೊರಬಂದವನು ಅಲಗು ಬಿಡಿಸಿ ಮೂಸಿದ.
"ನನ್ನ ಕುರಿಯದ್ದಲ್ಲ. ಅಂಗಡಿ ಚೀಸು."
ನನ್ನ ಕಿವಿ ಬಿಸಿಯಾಯಿತು.
ಅಂಗೈ ಚಾಚಿದ: "ನಾಣ್ಯ ಕೊಡು.
ಬಿಟ್ಟಿ ಚಾಕು ಸ್ನೇಹ ಕೊಯ್ಯುತ್ತದೆ."

ಐದು ಸೆಂಟು ಕೊಟ್ಟೆ.
ಸ್ನೇಹ ಅಂತೊಂದಿತ್ತು ಎಂದು
ನನಗೆ ಗೊತ್ತಾದದ್ದೇ ಆಗ.

ಮುಂದಿನ ಸೋಮವಾರ ಮತ್ತೆ ಕುಂಯ್.
ಬುಟ್ಟಿಯಲ್ಲಿ ಚಾಕು, ಪಕ್ಕದಲ್ಲಿ
ಎಣ್ಣೆ ಕಾಗದದ ಪುಟ್ಟ ಪೊಟ್ಟಣ.
ಅವನಾಗಲೇ ಸಾಲಿನಲ್ಲಿದ್ದ,
ಬೆನ್ನು ತಿರುಗಿಸಿ, ಪ್ಯಾಂಟು ಮೇಲೆಳೆದುಕೊಳ್ಳುತ್ತ.