ಕಪ್ಪೆ ತಕ್ಕಡಿ

ನೋಂದಣಿಗೆ ಐನೂರು ಜನ ಬೇಕು.
ನಮ್ಮ ಪಟ್ಟಿಯಲ್ಲಿ ನಾನೂರ ತೊಂಬತ್ತಾರು.
ನಿನ್ನೆ ಸಂಜೆ ತೊಂಬತ್ತೇಳಿತ್ತು,
ರಾತ್ರಿ ಹಿಲ್ಲಾರ್ ಫೋನು ಮಾಡಿ
ಹೆಂಡತಿ ಬೈತಾಳೆ, ಅಳಿಸಿಬಿಡು ಮಾರಾಯ ಅಂದ.
ಅವನ ಹೆಸರು ಪೆನ್ಸಿಲಿನಲ್ಲೇ ಬರೆದಿದ್ದೆ.
ಖಜಾಂಚಿಯಾದವನಿಗೆ ಅಷ್ಟಾದರೂ ಮುಂದಾಲೋಚನೆ ಬೇಡವೆ?

ವಾಲ್ಗಾದ ಹಳೇ ದರ್ಜಿಯಂಗಡಿ ನಮ್ಮ ಪಕ್ಷದ ಕಚೇರಿ.
ಕಿಟಕಿಗೆ ಹನ್ನೆರಡು ನಕ್ಷತ್ರದ ನೀಲಿ ಬಾವುಟ,
ಬಾವುಟದ ಹಿಂದೆ ತಲೆಯಿಲ್ಲದ ಎರಡು ಗೊಂಬೆ.
ಮಾಲೀಕ ಅವನ್ನು ತೆಗೆಯಬೇಡಿ ಅಂದ,
ಬದಲಿಗೆ ಬಾಡಿಗೆ ಇಳಿಸಿದ.
ಬಿಸಿಯಾಗದ ಹೀಟರು ಒಂದು, ಕುರ್ಚಿ ಆರು,
ಸಭೆಗೆ ಬರುವವರು ನಾಲ್ವರು, ಗೊಂಬೆ ಬಿಟ್ಟು.

ಲೇಲೊ ನಮ್ಮ ಅಧ್ಯಕ್ಷೆ, ರಸಾಯನಶಾಸ್ತ್ರದ ಮೇಡಂ.
ತಾಲಿನ್ನಿನ ಸಂಸತ್ತಿನಲ್ಲಿ ಮಾಡಬೇಕಾದ ಮೊದಲ ಭಾಷಣ
ಅವಳ ಚೀಲದಲ್ಲಿ ಎರಡು ವರ್ಷದಿಂದ ಮಡಚಿಕೊಂಡಿದೆ.
ಮಡಿಕೆಯಲ್ಲಿ ಅಕ್ಷರ ಮಾಸಿ
‘ಖಂಡ’ ಅನ್ನುವ ಪದ ಈಗ ಓದಲಾಗುವುದಿಲ್ಲ.

ಮನೆಮನೆಗೆ ಹೋಗುತ್ತೇವೆ.
ಕಟ್ಟಿಗೆ ಸೀಳುತ್ತಿದ್ದ ಎಂಡೆಲ್ ಕೊಡಲಿ ಇಳಿಸದೆ ಕೇಳಿದ:
ಯುರೋಪು ಅಷ್ಟು ಹತ್ತಿರವಿದ್ದರೆ
ನನ್ನ ಸೊಸೆಯ ಹೆರಿಗೆಗೆ ಆಸ್ಪತ್ರೆ
ಯಾಕೆ ಇಷ್ಟು ದೂರ?
ಲೇಲೊ ಏನೋ ಹೇಳಿದಳು, ಅಂಕಿಅಂಶ.
ಕೊಡಲಿ ಕೆಳಗೆ ಬಂತು. ದಿಮ್ಮಿ ಎರಡಾಯಿತು.

ಹಿತ್ತಿಲಾಚೆ ಹರಿಯುವ ಹಳ್ಳಕ್ಕೆ
ನಮ್ಮ ಭಾಷೆಯಲ್ಲಿ ಕಪ್ಪೆಹಳ್ಳ ಅಂತಲೇ ಹೆಸರು.
ಈಚೆ ದಡ ಎಸ್ಟೋನಿಯಾ, ಆಚೆ ದಡ ಲಾಟ್ವಿಯಾ.
ಏಪ್ರಿಲ್ಲಿನ ರಾತ್ರಿ ಎರಡೂ ಕಡೆ ವಟಗುಟ್ಟುತ್ತವೆ.
ಒಂದನ್ನು ಹಿಡಿದು ತಟ್ಟೆಯಲ್ಲಿಟ್ಟರೆ ಇನ್ನೊಂದು ಜಿಗಿಯುತ್ತದೆ:
ಪಕ್ಷ ಕಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಮೊದಲು ಆ ಹಳ್ಳದ ಸೇತುವೆಯ ಮೇಲೆ
ಗಡಿಗೇಟಿನ ಕಾವಲಿನಲ್ಲಿದ್ದೆ.
ಪಟ್ಟೆಪಟ್ಟೆಯ ಅಡ್ಡಗಂಬ, ಕೈಯಲ್ಲಿ ಮೊಹರು.
ಗಂಬ ಕಿತ್ತ ಆ ಡಿಸೆಂಬರಿನ ರಾತ್ರಿ ಪಟಾಕಿ ಹೊಡೆದರು,
ನಾನೂ ಚಪ್ಪಾಳೆ ತಟ್ಟಿದೆ, ಮಾರನೆಯ ದಿನ ಕೆಲಸವಿರಲಿಲ್ಲ.
ನನ್ನ ಅನ್ನ ಕಿತ್ತುಕೊಂಡದ್ದರ ಲೆಕ್ಕಪುಸ್ತಕ
ಈಗ ನಾನೇ ಬರೆಯುತ್ತೇನೆ. ಯಾಕೆ ಅಂತ ಲೇಲೊ ಕೇಳಿದ್ದಳು.
ಸ್ಕೈದ್ರೀತೆಯ ವಿಷಯ ಹೇಳಲಿಲ್ಲ.

ಸ್ಕೈದ್ರೀತೆ ಆಚೆ ದಡದವಳು, ತಂಗಿ ಈಚೆ ದಡದಲ್ಲಿದ್ದಳು.
ತಂಗಿಯ ಮಣ್ಣಿಗೆ ಹೊರಟವಳನ್ನು
ಇಪ್ಪತ್ತು ನಿಮಿಷ ನಿಲ್ಲಿಸಿದ್ದೆ ನಾನು,
ಪಾಸ್‌ಪೋರ್ಟಿನ ಒಂದು ಪುಟ ಹರಿದಿತ್ತು.
ಅವಳು ಕಪ್ಪು ಕೋಟು ತೊಟ್ಟು ನಿಂತೇ ಇದ್ದಳು.
ಇಲ್ಲಿಂದಲೇ ಗಂಟೆ ಕೇಳುತ್ತಿತ್ತು, ಚರ್ಚಿನದು.

ಇವತ್ತು ಮಧ್ಯಾಹ್ನ ಅವಳೇ ಬಂದಳು,
ಕೈಯಲ್ಲಿ ಉಪ್ಪುಹಾಕಿದ ಅಣಬೆಯ ಜಾಡಿ.
ಇಬ್ಬರಿಗೂ ಬೇಡದ, ಇಬ್ಬರಿಗೂ ಬರುವ ರಷ್ಯನ್ನಿನಲ್ಲಿ
‘ಎಲ್ಲಿ, ಸಹಿ ಎಲ್ಲಿ ಮಾಡಲಿ?’ ಅಂದಳು.
ಕನ್ನಡಕ ಹಾಕಿಕೊಂಡೇ ಬಂದಿದ್ದಳು.

ಹಳ್ಳದಾಚೆಯವರು ಇಲ್ಲಿನ ಪಕ್ಷಕ್ಕೆ ಸೇರುವಂತಿಲ್ಲ.
ಕಾನೂನು ನನಗೆ ಬಾಯಿಪಾಠ.
ಅವಳ ಮನೆ ಇಲ್ಲಿಂದ ನೂರ ಹತ್ತು ಹೆಜ್ಜೆ.
ಹೇಳಿದೆ. ಹೇಳುವಾಗ ನನ್ನ ದನಿ
ಗೇಟಿನ ಹತ್ತಿರದ ಹಳೆಯ ದನಿಯಾಗಿತ್ತು.

ಅವಳು ಕನ್ನಡಕ ತೆಗೆದಳು.
‘ಈ ಸಲ ಯಾವ ಪುಟ ಹರಿದಿದೆ?’

ಗೊಂಬೆಗಳ ಕಡೆ ನೋಡಿದೆ. ಬೇರೆಲ್ಲಿ ನೋಡಲಿ.
ಅವಳು ನಗುತ್ತಿದ್ದಳು, ಅದು ಇನ್ನೂ ಕಷ್ಟ.

ಜಾಡಿಯನ್ನು ಲೆಕ್ಕದಲ್ಲಿ ಬರೆಯುವಂತಿಲ್ಲ, ವಿದೇಶಿ ದೇಣಿಗೆ.
ವಾಪಸು ಕೊಟ್ಟರೆ ಮುಖವಿಲ್ಲ.
ನಾನೂ ಲೇಲೊನೂ ಬ್ರೆಡ್ಡಿನ ಜೊತೆ ತಿಂದು
ಸಾಕ್ಷ್ಯ ಮುಗಿಸಿದೆವು.
ಮುದುಕಿಯನ್ನು ಸೇತುವೆ ದಾಟಿಸಿ ಬಂದೆ.
ಯಾರೂ ತಡೆಯಲಿಲ್ಲ. ಗಂಬವಿದ್ದ ಕಡೆ ಕಾಲು
ತಾನಾಗಿ ಒಂದು ಗಳಿಗೆ ನಿಂತಿತು, ಅಷ್ಟೆ.

ಹನ್ನೊಂದು ಗಂಟೆಗೆ ಫೋನು. ಹಿಲ್ಲಾರ್.
ಹೆಂಡತಿ ಮಲಗಿರಬೇಕು, ಪಿಸುಗುಡುತ್ತಿದ್ದ,
ಹಿನ್ನೆಲೆಯಲ್ಲಿ ಕಪ್ಪೆಗಳು:
‘ಅಳಿಸಿಬಿಟ್ಟೆಯಾ?’