ಜೂನ್ ಒಂದು

ಹತ್ತಡಿಗೆ ಹನ್ನೆರಡಡಿಯ ಖೋಲಿಯಲ್ಲಿ
ಗಂಡಸೊಬ್ಬ ಮಲಗಿರುವಾಗ
ಅವನಿಗೇ ಗೊತ್ತಾಗದಂತೆ
ಅವನಿಗೊಂದು ಉಡುಗೊರೆ ಮಾಡಬೇಕು,
ಅದೂ ಎರಡೂವರೆ ವರ್ಷದವರಿಬ್ಬರನ್ನು ಕಟ್ಟಿಕೊಂಡು.

ಒಬ್ಬ ನನ್ನವನು, ಯಕ್ಷಿತ್.
ಇನ್ನೊಬ್ಬಳು ಎದುರು ಬಾಗಿಲಿನ ಓವಿ,
ಅವಳಮ್ಮ ಏಳೂ ಹತ್ತರ ಲೋಕಲಿಗೆ ಓಡುವಾಗ
ಹಾಲಿನ ಬಾಟಲಿ, ಒಂದು ಚಡ್ಡಿ ಸಮೇತ
ನನ್ನ ಹೊಸ್ತಿಲೊಳಗೆ ಇಳಿಸಿ ಹೋಗುವ ಹುಡುಗಿ.

ಇವರದು ಮಾಟುಂಗದಲ್ಲಿ ರಾತ್ರಿಪಾಳಿ.
ಊರು ಮಲಗಿರುವಾಗ ಊರಿನ ಇಡ್ಲಿಹಿಟ್ಟು ಅರೆಯುವ ಕೆಲಸ.
ಬೆಳಿಗ್ಗೆ ಭಾಂಡುಪದ ಈ ಗುಡ್ಡ ಹತ್ತಿ ಬಂದು
ಉಗುರಸಂದಿಯ ಉದ್ದಿನ ಹುಳಿವಾಸನೆಯೊಂದಿಗೆ
ಗೋಡೆಗೆ ಮುಖಮಾಡಿ ಮಲಗಿದರೆ
ಮೂರು ಗಂಟೆಯ ನಲ್ಲಿನೀರು ಬರುವವರೆಗೂ ಹೆಣ.
ಹೆಣ ಎನ್ನಬಾರದು, ಇವತ್ತು ಹುಟ್ಟಿದ ದಿನ.

ಹುಟ್ಟಿದ ದಿನವೆಂದರೂ ಅದು
ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ ಒಂದು.
ನಿಜವಾದದ್ದು ಯಾವಾಗ ಎಂದು ಕೇಳಿದರೆ ಅತ್ತೆ ಹೇಳುವುದು:
"ಬಾವಿಗೆ ಎಮ್ಮೆಕರು ಬಿದ್ದಿತ್ತಲ್ಲ, ಅದರ ಮರುವಾರ."
ಎಮ್ಮೆಕರುವಿಗೆ ಆಧಾರ್ ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನೆ ಮುಗಿದ ಮೇ ತಿಂಗಳನ್ನು
ಕಿರಾಣಿ ಅಂಗಡಿಯ ಕ್ಯಾಲೆಂಡರಿನಿಂದ ಹರಿದೆ, ಬೆನ್ನು ಖಾಲಿ.
ಒಂದು ಬಲಿತ ಬೆಂಡೆಕಾಯಿ ಕತ್ತರಿಸಿದೆ.
ಬಟ್ಟಲಲ್ಲಿ ಅರಿಶಿನ ಕಲಸಿದೆ,
ಬಾಯಿಗೆ ಹೋದರೂ ಪರವಾಗಿಲ್ಲವೆಂದು.
ಹೋಯಿತು.

"ಮೆಲ್ಲಗೆ" ಎಂದೆ, ಬೆರಳು ತುಟಿಗಿಟ್ಟು.
ಇಬ್ಬರೂ ಹಳದಿ ಬೆರಳು ತುಟಿಗಿಟ್ಟು
"ಮೆಲ್ಲಗೆ!" ಎಂದು ಕಿರುಚಿದರು.
ಇವರು ಮಗ್ಗುಲಾದರು.
ಹಾಲು ಕದ್ದ ಬೆಕ್ಕುಗಳ ಹಾಗೆ
ಮೂವರೂ ಉಸಿರು ಹಿಡಿದು ಕೂತೆವು.
ಫ್ಯಾನು ಮಾತ್ರ ಕಟಕಟ ಅನ್ನುತ್ತಿತ್ತು.

ಬೆಂಡೆಕಾಯಿ ಒತ್ತಿದರೆ ಹೂವು,
ಐದೆಸಳು, ನಡುವೆ ಬೀಜದ ಕಣ್ಣು.
ಒಂದು ಚಂದಕ್ಕೆ ಬಿತ್ತು. ಎರಡನೆಯದು ಜಾರಿತು.
ಮೂರನೆಯದನ್ನು ಒತ್ತುವ ಬದಲು ಓವಿ
ಕಾಗದಕ್ಕೆ ಉಜ್ಜಿದಳು, ಪಾತ್ರೆ ತಿಕ್ಕುವ ಹಾಗೆ,
ಥೇಟು ನಾನು ತಿಕ್ಕುವ ಹಾಗೆ, ಮಣಿಕಟ್ಟು ತಿರುವಿ.
"ಫೂಲ್" ಎಂದಳು.
"ಹೂ" ಎಂದ ಇವನು.
ಒಂದೇ ಕಲೆಗೆ ಎರಡು ಭಾಷೆಯ ಜಗಳವಾಗಿ
ಮೇ ತಿಂಗಳು ಇಪ್ಪತ್ತರ ಹತ್ತಿರ ಹರಿಯಿತು.
ಅರ್ಧರ್ಧ ಸಿಕ್ಕಿದ್ದಕ್ಕೆ ಇಬ್ಬರಿಗೂ ಖುಷಿ.

ಅಳು ಬಂದದ್ದು ನನಗೆ.
ಗೋಂದಿಲ್ಲ; ಅನ್ನದ ಅಗುಳು ಹಚ್ಚಿ
ತೇದಿಗೆ ತೇದಿ ಕೂಡಿಸುತ್ತ ಕೂತೆ.
ತಲೆಯೆತ್ತಿದರೆ ಬಟ್ಟಲು ಖಾಲಿ, ಮಕ್ಕಳಿಲ್ಲ.
ಕದದ ಹಿಂದೆ, ಮೊಳೆಗೆ ತೂಗುವ ಇವರ ಅಂಗಿಯೊಳಗೆ ಅವಿತು
ನಾಲ್ಕು ಕಾಲು ನಗುತ್ತಿದ್ದವು.
ಕೈ ತೊಳೆಸಿದೆ, ಬಾಯಿ ತೊಳೆಸಿದೆ.
ಅಂಗಿಯ ಬೆನ್ನು ನೋಡಬೇಕೆಂದು ಹೊಳೆಯಲಿಲ್ಲ.

ಇವರು ಎದ್ದರು. ನೀರು ತುಂಬಿದರು.
ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ
"ಚಂದ ಉಂಟು. ಯಾವ ಕಡೆ ಮೇಲೆ?" ಎಂದರು.
ರಾತ್ರಿ, ಮಗು ಈಗಷ್ಟೇ ಮಲಗಿತೆಂದು
ದೀಪ ಹಾಕದೆ ಅಂಗಿ ತೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು
ಗುಡ್ಡ ಇಳಿದು ಹೋದರು.

ಮರುದಿನ ಹೇಳಿದ್ದು:
ಕುರ್ಲಾದಲ್ಲಿ ಇಳಿಯುವಾಗ ಯಾರೋ ಒಬ್ಬ
ಬೆನ್ನು ತಟ್ಟಿದನಂತೆ, ಎರಡು ಸಲ.
ಇವರು ಥಟ್ಟನೆ ಕಿಸೆ ಮುಟ್ಟಿ ನೋಡಿಕೊಂಡರಂತೆ.
ಹಿಟ್ಟಿನ ಮನೆಯಲ್ಲಿ, ಗ್ರೈಂಡರು ತೊಳೆಯುವ ಬಿಹಾರದ ಹುಡುಗ
ಹಿಂದಿನಿಂದ ಬಂದು ತನ್ನ ಅಂಗೈಯನ್ನು
ಅಲ್ಲಿದ್ದ ಅಂಗೈ ಮೇಲಿಟ್ಟು ಅಳತೆ ನೋಡಿ
ಆಮೇಲೆ ಬೆಳಗಿನವರೆಗೂ ಮಾತಾಡಲಿಲ್ಲವಂತೆ.

ತಿಳಿನೀಲಿ ಅಂಗಿ, ಹೆಗಲೆಲುಬಿನ ಕೆಳಗೆ ಎರಡು ಕೈ.
ಒಂದು ಓವಿಯದು, ಒಂದು ನನ್ನವನದು,
ಯಾವುದು ಯಾರದೆಂದು ನನಗೇ ತಿಳಿಯಲಿಲ್ಲ.
ಬಾರ್ ಸಾಬೂನು ತಾಗಿದ್ದೇ ಎರಡೂ ಕೆಂಪಾದವು,
ಗದರಿಸಿದ ಕೆನ್ನೆಯ ಹಾಗೆ.
ಜಾಲಿಸಿದೆ, ಮತ್ತೆ ಹಳದಿ.

ಅರಿಶಿನವನ್ನು ಬಿಸಿಲು ಒಂದೇ ಹಗಲಲ್ಲಿ ತಿನ್ನುತ್ತದೆ.
ಇವರಿಗಿರುವುದು ಎರಡೇ ಅಂಗಿ,
ಇನ್ನೊಂದಕ್ಕೆ ಗುಂಡಿಯಿಲ್ಲ.
ಹೊರಗೆ ತಂತಿಯ ತನಕ ಹೋದವಳು ವಾಪಸು ಬಂದು
ಒಳಗಿನ ಹಗ್ಗಕ್ಕೆ ಹರವಿದೆ, ಫ್ಯಾನಿನ ನೆರಳಲ್ಲಿ,
ಎರಡು ದಿನ ಬೇಕಾದರೆ ಬೇಕಾಗಲಿ.
ಆಮೇಲೆ ಗುಂಡಿ ಹುಡುಕಲು ಕೂತೆ.