ನೆನೆದ ಸೀಟಿ

ವಾಸ್ಕೊದಲ್ಲಿ, ಬಂದರಿಗೆ ಇಳಿಯುವ ರಸ್ತೆಯಲ್ಲಿ ಆ ಅಂಗಡಿ.
ಬಾಗಿಲಿಗೇ ತೂಗುಬಿದ್ದ ಹಗ್ಗದ ಸುರುಳಿ ಸರಿಸಿಕೊಂಡು
ಒಳಗೆ ಹೋದೆವು, ನಾನೂ ನೀಲವ್ವನೂ.
ನನ್ನ ಕೈಯಲ್ಲಿ ಪಟ್ಟಿ:
ದೊಡ್ಡ ಛತ್ರಿ, ಥರ್ಮಾಸು, ಕೂರಲು ಮೆತ್ತೆ,
ಹಾಡು ಕೇಳಲು ಪುಟ್ಟ ಸ್ಪೀಕರು,
ಬಣ್ಣ ಎರಡು ಲೀಟರು, ನೀಲಿ.

ದೋಣಿ ಆಗಲೇ ಕೊಂಡಾಗಿತ್ತು.
ಚಿಖಲಿಯ ದಂಡೆಯಲ್ಲಿ ಬೋರಲು ಬಿದ್ದಿದ್ದ ಹಳೇ ಹೋಡಿ;
ಅರ್ಧ ನನ್ನ ಅರಿಯರ್ಸು, ಅರ್ಧ ಅವಳ ಚೀಟಿ ದುಡ್ಡು.
ಬೈನಾದ ಶಾಲೆಯಲ್ಲಿ ನಾನು ಸೀಟಿ ಊದುವವಳು,
ಅವಳು ಗಂಟೆ ಬಾರಿಸುವವಳು.
ಇಪ್ಪತ್ತೆರಡು ವರ್ಷ ಕಿಟಕಿಯಿಂದ ನೀರು ನೋಡಿದ್ದೇವೆ,
ಒಂದು ದಿನವೂ ಅದರ ಮೇಲೆ ಕೂತವರಲ್ಲ.

ಕೈತಾನ್ ಫುರ್ಟಾಡೊ ಪಟ್ಟಿ ಓದಿ ಕನ್ನಡಕ ಹಣೆಗೇರಿಸಿದ.
ನೀಲಿಯಲ್ಲಿ ಯಾವ ನೀಲಿ ಎಂದು ಕೇಳಲಿಲ್ಲ.
"ಇಬ್ಬರಲ್ಲಿ ಈಜು ಬಾರದವರು ಯಾರು? ತೂಕ ಎಷ್ಟು?"

ನೀಲವ್ವ ನನ್ನ ಮುಖ ನೋಡಿದಳು.
ಗಂಡನಿಗೂ ಹೇಳದ ಸಂಗತಿ.
"ದವಾಖಾನ್ಯಾಗ ಎಪ್ಪತ್ತೊಂದು ಅಂದಿದ್ರು," ನೆಲಕ್ಕೆ ಹೇಳಿದಳು,
"ಆದ್ರ ಆ ತಕ್ಕಡಿ ಸುಳ್ಳದ."
ಆತ ಕಿತ್ತಳೆ ಜಾಕೀಟು ತೊಡಿಸಿ
ಎರಡೂ ಹೆಗಲು ಹಿಡಿದು ಮೇಲಕ್ಕೆ ಜಗ್ಗಿದ.
ಅದು ಗಲ್ಲ ದಾಟಿ ಮೂಗಿಗೆ ಬಂತು.
"ನೀರೂ ಹೀಗೇ ಜಗ್ಗುತ್ತದೆ. ಜಾಕೀಟು ತೇಲುತ್ತದೆ,
ನೀವು ಕೆಳಗೆ."
ಇನ್ನೊಂದು. ಮತ್ತೊಂದು. ನಾಲ್ಕನೆಯದು ಅಲುಗಲಿಲ್ಲ.
ಆದರೆ ಅದರದೊಂದು ಪಟ್ಟಿ ಕಾಲ ನಡುವೆ ಹಾಯ್ದು
ಹಿಂದಿನಿಂದ ಮುಂದೆ ಬರಬೇಕಿತ್ತು.
ಇಳಕಲ್ ಸೀರೆ. ಕಚ್ಚೆ ಉಟ್ಟಿರಲಿಲ್ಲ.
ಸ್ವಲ್ಪ ಹೊತ್ತು ಅಂಗಡಿಯಲ್ಲಿ ಫ್ಯಾನು ಮಾತ್ರ ಮಾತಾಡಿತು.
"ಮಗಳ ಚೂಡಿದಾರ ಐತಿ, ಅದನ್ನ ಹಾಕ್ಕೋತೀನಿ,"
ಎಂದಳು ಕೊನೆಗೆ, ಐವತ್ನಾಲ್ಕರ ನೀಲವ್ವ,
ಹೊಸಿಲು ದಾಟುವವಳಂತೆ ಕಾಲ್ಬೆರಳು ನೋಡಿಕೊಂಡು.

ಛತ್ರಿ ಹೊಡೆದುಹಾಕಿದ: "ಗಾಳಿಗೆ ಅದೇ ಹಾಯಿ,
ನೀವು ಹೇಳದ ಕಡೆ ಒಯ್ಯುತ್ತದೆ." ಬದಲಿಗೆ ದಾರದ ಟೊಪ್ಪಿಗೆ.
ಸ್ಪೀಕರಿಗೆ ಒಂದೇ ಪ್ರಶ್ನೆ: "ಬಾರ್ಜಿನ ಹಾರ್ನು ಕೇಳಿಸಬೇಡವೇ?"
ಥರ್ಮಾಸಿಗೆ ಮಾತ್ರ ಕೈಮುಗಿದ.
"ಚಹಾ ಇಲ್ಲದಿದ್ದರೆ ಹೋಗುವುದಾದರೂ ಯಾಕೆ?"

ಲಂಗರಿಗೆ ಹತ್ತು ಮೀಟರು ಹಗ್ಗ ಸಾಕೆಂದೆ,
ಅಲ್ಲಿ ಎರಡಾಳು ಆಳ.
ಇಪ್ಪತ್ತೈದು ಅಳೆದ. "ನೆಟ್ಟಗೆ ನಿಂತ ಹಗ್ಗ ಏನನ್ನೂ ಹಿಡಿಯದು,
ಅದು ತಳದಲ್ಲಿ ಉದ್ದಕ್ಕೆ ಮಲಗಬೇಕು."
ನೀರು ಗೋರಲು ಓರೆಯಾಗಿ ಕತ್ತರಿಸಿದ ಎಣ್ಣೆ ಡಬ್ಬಿ.
ಅದಕ್ಕೆ ದುಡ್ಡು ಹಿಡಿಯಲಿಲ್ಲ.

"ಸೀಟಿ?"
ಕೊರಳಿಂದ ಎಳೆದು ತೋರಿಸಿದೆ, ನನ್ನ ಸ್ಟೀಲಿನದು.
ಬಿಂಕದಿಂದಲೇ.
ಕುಡಿಯುವ ನೀರಿನ ಮಗ್ಗಿನಲ್ಲಿ ಅದ್ದಿ, ಅಲುಗಿಸಿ, ಮರಳಿಸಿದ.
"ಊದಿ."
ಬಂದದ್ದು ಬರೀ ಉಸಿರು, ನಾಲ್ಕು ಹನಿ.
ಒಳಗೆ ಬೆಂಡಿನ ಗುಂಡು; ನೆನೆದು ಕೂತುಬಿಟ್ಟಿತ್ತು.
ಎಷ್ಟು ಖೋಖೋ, ಎಷ್ಟು ಆಗಸ್ಟ್ ಹದಿನೈದು,
ಓಡುವ ಎಷ್ಟು ಮಕ್ಕಳನ್ನು ಅಲ್ಲಲ್ಲೇ ನಿಲ್ಲಿಸಿದ್ದು
ಒಂದು ಮಗ್ ನೀರಿಗೆ ನಿಂತುಹೋಯಿತು.
ನಾನು ಮೈದಾನಕ್ಕಷ್ಟೇ ಟೀಚರು ಎಂದು
ಯಾರೂ ಅದುವರೆಗೆ ಹೇಳಿರಲಿಲ್ಲ.
ಗುಂಡಿಲ್ಲದ ಪ್ಲಾಸ್ಟಿಕ್ಕಿನದು ಕೊಂಡೆ. ಎರಡು.

ಭಾನುವಾರ, ಉಬ್ಬರ ಇನ್ನೂ ಏರುತ್ತಿರುವಾಗಲೇ ಹೊರಟೆವು.
ಏನೂ ಆಗಲಿಲ್ಲ.
ದೂರದಲ್ಲೊಂದು ಬಾರ್ಜು ಹೋಯಿತು,
ಅದು ಮರೆಯಾದ ಮೇಲೆ ಅದರ ಅಲೆಗಳು ಬಂದವು, ಮೂರು.
ನೀಲವ್ವ ಹನ್ನೊಂದು ಡಬ್ಬಿ ನೀರು ಗೋರಿದಳು,
ಗಂಟೆಯ ಏಟು ಎಣಿಸುವಂತೆ ಎಣಿಸಿ.
ಆಮೇಲೆ ಹಿಂದಕ್ಕೊರಗಿ, ಒಂದು ಕೈ ಜುವಾರಿಯಲ್ಲಿ ಬಿಟ್ಟು,
ಬಿಗಿದ ಎದೆಯ ಪಟ್ಟಿ ಇನ್ನೊಂದು ಕೈಯಿಂದ ತಟ್ಟಿ
ಕೇಳಿದಳು:
"ಟೀಚರ, ಇಲ್ಲಿ ನನ್ನ ತೂಕ ಎಷ್ಟು ಬರ್ತದರಿ?"

ಚಹಾ ಮುಗಿಯುವವರೆಗೂ ಯೋಚಿಸಿದೆ.
ದೋಣಿಗೆ ಬಣ್ಣ ಇನ್ನೂ ಹಚ್ಚಿಲ್ಲ.